ಗಾಯವನ್ನು ಓದುವ ಬೆಳಕು

ಪುಣೆಯಿಂದ ಸಾತಾರಾ ರಸ್ತೆ ಹಿಡಿದು ಕಾಪೂರಹೋಳದಲ್ಲಿ ಬಲಕ್ಕೆ ಹೊರಳಿದರೆ ಭೋರ್. 1948ರ ವರೆಗೆ ಒಂದು ಸಂಸ್ಥಾನದ ರಾಜಧಾನಿಯಾಗಿದ್ದ ಊರು. ಭಾಟಘರದ ಆಣೆಕಟ್ಟು, ರೋಹಿಡಾ ಕೋಟೆ, ರಾಯರೇಶ್ವರದ ಬೆಟ್ಟ ನೋಡಲು ಪುಣೆಯ ಕನ್ನಡಿಗರೂ ಹೋಗುವುದುಂಟು. ಇಂಥ ಕಡಿದಾದ ಸೀಮೆಯಲ್ಲಿ ಕಾಲು ಜಾರಿ ಕೈ ಮುರಿದರೆ ಎಲುಬು ಮತ್ತೆ ಕೂಡುತ್ತದೆ. ಬೆನ್ನುಹುರಿಗೆ ಪೆಟ್ಟಾದರೆ ಮಾತ್ರ ಕಥೆ ಬೇರೆ. ಕಿರುಬೆರಳಿನಷ್ಟೂ ದಪ್ಪವಿಲ್ಲದ ಆ ಹುರಿಯಲ್ಲಿ ಕಡಿದುಹೋದ ನರತಂತುಗಳು ತಾವಾಗಿ ಕೂಡುವುದು ತೀರ ಅಪರೂಪ.

ಇದು ಹಳೆಯ ದುಃಖ. ಮೂರೂವರೆ ಸಾವಿರ ವರ್ಷಗಳಿಗಿಂತ ಹಿಂದಿನ ಈಜಿಪ್ಟಿನ ವೈದ್ಯಗ್ರಂಥವೊಂದು ಇದನ್ನು ಚಿಕಿತ್ಸೆ ಇಲ್ಲದ ರೋಗವೆಂದು ಬರೆದು ಕೈಬಿಟ್ಟಿದೆ. ಎರಡನೆಯ ಮಹಾಯುದ್ಧದವರೆಗೂ ಪರಿಸ್ಥಿತಿ ಹೆಚ್ಚು ಬದಲಾಗಲಿಲ್ಲವೆಂದರೆ ತಪ್ಪಾಗಲಾರದು. ರೋಗಿಗಳನ್ನು ಕೊಲ್ಲುತ್ತಿದ್ದುದು ಪೆಟ್ಟಿಗಿಂತ ಹೆಚ್ಚಾಗಿ ಹಾಸಿಗೆಹುಣ್ಣು ಮತ್ತು ಮೂತ್ರದ ಸೋಂಕು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು ರೋಗಿಗಳನ್ನು ಎರಡೆರಡು ತಾಸಿಗೊಮ್ಮೆ ಹೊರಳಿಸತೊಡಗಿದರು, ಆಟಕ್ಕೆ ಹಚ್ಚಿದರು. ಯಾವ ಅದ್ಭುತ ಔಷಧಿಯೂ ಅಲ್ಲ, ಬರೀ ಆರೈಕೆ! ಆದರೆ ಅದರಿಂದಲೇ ಜನ ಬದುಕಿದರು. ನಮ್ಮ ಪುಣೆಯ ಖಡಕಿಯಲ್ಲಿ ಬೆನ್ನುಹುರಿಗೆ ಗಾಯವಾದ ಸೈನಿಕರಿಗಾಗಿ ಪುನರ್ವಸತಿ ಕೇಂದ್ರ ತೆರೆದದ್ದು 1974ರಲ್ಲಿ. ಅದಕ್ಕೆ ಎರಡು ವರ್ಷ ಮೊದಲೇ, 1965ರ ಯುದ್ಧದಲ್ಲಿ ಬೆನ್ನಿಗೆ ಗುಂಡು ತಗಲಿದ್ದ ಸಾಂಗ್ಲಿ ಜಿಲ್ಲೆಯ ಮುರಳೀಕಾಂತ ಪೇಟಕರ, ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ 50 ಮೀಟರ್ ಈಜಿ ಚಿನ್ನದ ಪದಕ ತಂದಿದ್ದರು. ನಡೆಯಲಾರದವರು ಈಜಿ ಗೆದ್ದರು.

ಆದರೂ ಹುರಿಯನ್ನೇ ಬೆಸೆಯುವ ಆಸೆ ಯಾರಿಗಿಲ್ಲ? ಆ ಆಸೆಯ ಒಂದು ಎಳೆ ಬೆಳಕಿನದು. ಲೇಸರ್ ಹುಟ್ಟಿದ್ದು 1960ರಲ್ಲಿ. ಅದಾದ ಕೆಲವೇ ವರ್ಷಗಳಲ್ಲಿ ಹಂಗೇರಿಯ ಎಂಡ್ರೆ ಮೆಸ್ಟರ್ ಅದರಿಂದ ಇಲಿಗಳ ಗಡ್ಡೆಯನ್ನು ಸುಡಲು ಹೊರಟರು. ಅವರ ಯಂತ್ರ ಎಣಿಸಿದಷ್ಟು ಬಲವಾಗಿರಲಿಲ್ಲ, ಗಡ್ಡೆ ಕರಗಲಿಲ್ಲ. ಬದಲಿಗೆ ಬೋಳಿಸಿದ ಜಾಗದಲ್ಲಿ ಕೂದಲು ಬೇಗ ಬೆಳೆಯಿತು! ಗಾಯವೂ ಬೇಗ ಮಾಯುವುದೆಂದು ಅವರು ಮುಂದೆ ಕಂಡರು. ಮಂದ ಲೇಸರಿನ ಚಿಕಿತ್ಸೆ ಶುರುವಾದದ್ದು ಹೀಗೆ. ನಮ್ಮ ಮಣಿಪಾಲದ ಸಂಶೋಧಕರೂ ಇಲಿಗಳ ಗಾಯಗಳಿಗೆ ಹೀಲಿಯಂ-ನಿಯಾನ್ ಲೇಸರಿನ ಕೆಂಪು ಬೆಳಕು ಹಾಯಿಸಿ, ಗಾಯ ಮಾಯುವ ಪರಿಯನ್ನು ಅಂಗಾಂಶ ತಾನೇ ಹೊರಸೂಸುವ ಬೆಳಕಿನ ರೋಹಿತದಿಂದ ಅಳೆದಿದ್ದಾರೆ.

ರೋಹಿತವೆಂದರೆ ಬೆಳಕನ್ನು ಅದರ ಬಣ್ಣಗಳಾಗಿ ಬಿಡಿಸಿಟ್ಟ ಪಟ್ಟಿ. ಈ ವಿದ್ಯೆಯಲ್ಲಿ ನಮ್ಮ ನಾಡಿಗೆ ನಂಟಿದೆ. ವಸ್ತುವಿನ ಮೇಲೆ ಬಿದ್ದು ಚದರಿದ ಬೆಳಕಿನಲ್ಲಿ ಆ ವಸ್ತುವಿನ ಅಣುಗಳ ಗುರುತು ಉಳಿದಿರುತ್ತದೆಂದು 1928ರಲ್ಲಿ ಕಲಕತ್ತೆಯಲ್ಲಿ ತೋರಿಸಿದ ಸಿ. ವಿ. ರಾಮನ್, 1933ರಲ್ಲಿ ಬೆಂಗಳೂರಿಗೆ ಬಂದು, ಕೊನೆಯವರೆಗೂ ಅಲ್ಲಿಯೇ ನೆಲೆಸಿದರು. ಆ ಚದರಿದ ಬೆಳಕು ಬಹಳ ಕ್ಷೀಣ. ಅದನ್ನು ಸುಲಭವಾಗಿ ಹಿಡಿಯಲು ನೆರವಾದದ್ದೂ ಲೇಸರೇ.

ಸಾಮಾನ್ಯ ಛಾಯಾಚಿತ್ರ ಮೂರು ಬಣ್ಣಗಳ ಲೆಕ್ಕದಲ್ಲಿ ಮುಗಿಯುತ್ತದೆ. ರೋಹಿತದ ಚಿತ್ರದಲ್ಲಿ ಒಂದೊಂದು ಚುಕ್ಕೆಗೂ ಅದರದೇ ಪೂರ್ತಿ ಪಟ್ಟಿಯಿರುತ್ತದೆ. ಇಳಕಲ್ಲ ಸೀರೆಯ ಎರಡು ಕೆಂಪು ಎಳೆಗಳು ನಮಗೆ ಒಂದೇ. ನೇಕಾರನಿಗೆ ಒಂದು ರೇಷ್ಮೆ, ಇನ್ನೊಂದು ಹತ್ತಿ. ಹಾಗೆಯೇ ಹುರಿಯ ತೆಳು ಸೀಳಿನಲ್ಲಿ ನರತಂತು ಯಾವುದು, ಅದರ ಕೊಬ್ಬಿನ ಹೊದಿಕೆ ಯಾವುದು, ಗಾಯದ ಕಲೆ ಯಾವುದು ಎಂಬುದನ್ನು ಬೇರ್ಪಡಿಸಬಹುದು. ಒಂದರ ಮೇಲೊಂದು ಬಿದ್ದ ಬಣ್ಣಗಳನ್ನೂ ಲೆಕ್ಕ ಹಾಕಿ ಬಿಡಿಸಬಹುದು. ಹೀಗೆ ಬೆಳಕಿಗೆ ಎರಡು ಕೆಲಸ: ಒಂದು ಮದ್ದು, ಇನ್ನೊಂದು ಸಾಕ್ಷಿ. ನನ್ನ ಮಟ್ಟಿಗೆ ಇಲ್ಲಿಯವರೆಗೆ ಹೆಚ್ಚು ನಂಬಿಕೆಗೆ ಅರ್ಹವಾದದ್ದು ಸಾಕ್ಷಿಯೇ.

ಏಕೆಂದರೆ ಮದ್ದಿನ ಪುರಾವೆ ಇನ್ನೂ ಇಲಿಗಳನ್ನು ದಾಟಿ ಬಹಳ ದೂರ ಬಂದಿಲ್ಲ. 2005ರಲ್ಲಿ ಪ್ರಕಟವಾದ ಅಮೇರಿಕೆಯ ಪ್ರಯೋಗವೊಂದರಲ್ಲಿ, ಹುರಿ ಗಾಯಗೊಂಡ ಇಲಿಗಳ ಬೆನ್ನಿಗೆ 810 ನ್ಯಾನೊಮೀಟರಿನ, ಕಣ್ಣಿಗೆ ಕಾಣದ ಬೆಳಕನ್ನು ಹಾಯಿಸಿದರು. ನೂರರಲ್ಲಿ ಸುಮಾರು ಆರು ಪಾಲಷ್ಟೇ ಹುರಿಯ ಆಳ ಮುಟ್ಟಿತು. ಆದರೂ ಹೆಚ್ಚು ನರತಂತುಗಳು ಚಿಗುರಿ, ಹೆಚ್ಚು ದೂರ ಬೆಳೆದವು. ಒಳ್ಳೆಯ ಸುದ್ದಿಯೇ. ಆದರೆ ಇಲಿಯ ಬೆನ್ನು ಎಷ್ಟು ತೆಳು, ಮನುಷ್ಯನ ಬೆನ್ನು ಎಷ್ಟು ದಪ್ಪ! ಮಾಂಸ, ಎಲುಬು ದಾಟಿ ನಮ್ಮ ಹುರಿಗೆ ತಲುಪುವ ಪಾಲು ಇನ್ನೂ ಕಡಿಮೆ. ಲೇಸರಿನಿಂದ ಮನುಷ್ಯನ ಬೆನ್ನುಹುರಿ ಮತ್ತೆ ಬೆಸೆಯುತ್ತದೆಂದು ಯಾವ ದೊಡ್ಡ ಪರೀಕ್ಷೆಯೂ ಸಿದ್ಧಪಡಿಸಿಲ್ಲ. ಹೊಲ ಮಾರಿ ಮಗನನ್ನು ಶಹರಕ್ಕೆ ಕರೆತರುವ ತಂದೆಗೆ ಇದನ್ನು ಯಾರಾದರೂ ಮೊದಲೇ ಹೇಳಬೇಕು. ಹೇಳುವವರು ಕಡಿಮೆ, ಜಾಹೀರಾತು ಹೆಚ್ಚು.

ಸಾಕ್ಷಿಗೂ ಒಂದು ತೊಡಕಿದೆ. ಇಲಿಯ ಹುರಿಯನ್ನು ತೆಗೆದು, ಸೀಳಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಓದಬಹುದು. ಬದುಕಿರುವ ಮನುಷ್ಯನ ಹುರಿಯನ್ನು ಹಾಗೆ ಸೀಳುವಂತಿಲ್ಲ. ಎಲುಬಿನೊಳಗೆ ಅಡಗಿದ ಆ ಹುರಿಯ ರೋಹಿತವನ್ನು ಹೊರಗಿನಿಂದಲೇ ಹಿಡಿಯುವ ಉಪಾಯಕ್ಕಾಗಿ ಹುಡುಕಾಟ ನಡೆದೇ ಇದೆ.