ಇಳಿವಯಸ್ಸಿನ ಊಟ: ತುತ್ತು ಕಡಿಮೆಯಾದರೂ ಸತ್ವ ಕಡಿಮೆಯಾಗದಿರಲಿ

ವಯಸ್ಸಾದವರು ಮಿತವಾಗಿ ಉಣ್ಣಬೇಕೆಂಬುದು ಹಿಂದಿನಿಂದಲೂ ಬಂದಿರುವ ಮಾತು. ಒಪ್ಪತ್ತು ಮಾಡುವವರು, ತಿಳಿಸಾರು ಅನ್ನ ಹಾಗೂ ಮಜ್ಜಿಗೆಯಲ್ಲೇ ದಿನ ಕಳೆಯುವವರು ಇಂದಿಗೂ ಅನೇಕ ಮನೆಗಳಲ್ಲಿದ್ದಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಅರವತ್ತು ದಾಟಿದ ಬಳಿಕ ಓಡಾಟ ತಗ್ಗುವುದರಿಂದ ದೇಹಕ್ಕೆ ಬೇಕಾದ ಕ್ಯಾಲೊರಿ ಇಳಿಯುತ್ತದೆ. ಆದರೆ ಪ್ರೋಟೀನ್, ಕ್ಯಾಲ್ಸಿಯಂ ಮತ್ತು ವಿಟಮಿನ್‌ಗಳ ಅಗತ್ಯ ಅದರೊಡನೆ ಇಳಿಯುವುದಿಲ್ಲ.

ವಯಸ್ಸಿನೊಂದಿಗೆ ಸ್ನಾಯುಗಳು ಸವೆಯುವ ಈ ಸ್ಥಿತಿಯನ್ನು ವೈದ್ಯರು ಸಾರ್ಕೊಪೀನಿಯ ಎನ್ನುತ್ತಾರೆ. ಕೈಯೂರದೆ ಕುರ್ಚಿಯಿಂದ ಏಳಲಾಗದಿರುವುದು ಅದರ ಸೂಚನೆಗಳಲ್ಲೊಂದು. ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿಯುವುದರ ಹಿಂದೆಯೂ ಹಲವು ಸಲ ಇದೇ ದೌರ್ಬಲ್ಯವಿರುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ ವಯಸ್ಕರಿಗೆ ದೇಹತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು; 60 ಕೆ.ಜಿ. ತೂಕದವರಿಗೆ ಸುಮಾರು 50 ಗ್ರಾಂ. ಅರವತ್ತೈದು ದಾಟಿದವರಿಗೆ ಪ್ರತಿ ಕೆ.ಜಿ.ಗೆ 1ರಿಂದ 1.2 ಗ್ರಾಂ ಇರಬೇಕೆಂದು ಅಂತಾರಾಷ್ಟ್ರೀಯ ತಜ್ಞರ ತಂಡವೊಂದು 2013ರಲ್ಲಿ ಸೂಚಿಸಿತ್ತು. ತಿಳಿಸಾರಿನಲ್ಲಿ ಇದು ದೊರೆಯದು, ಬೇಳೆಯೆಲ್ಲ ಪಾತ್ರೆಯ ತಳದಲ್ಲಿ ಉಳಿದಿರುತ್ತದೆ! 30 ಗ್ರಾಂ ತೊಗರಿಬೇಳೆಯಲ್ಲಿ, ಒಂದು ಲೋಟ ಹಾಲಿನಲ್ಲಿ ಅಥವಾ ಒಂದು ಮೊಟ್ಟೆಯಲ್ಲಿ ದೊರೆಯುವುದು ಹೆಚ್ಚುಕಡಿಮೆ 6 ಗ್ರಾಂ. ಅನ್ನ ತಗ್ಗಿಸಿದಾಗ ಅದರಲ್ಲಿದ್ದ ಅಷ್ಟಿಷ್ಟು ಪ್ರೋಟೀನೂ ಹೋಗುವುದರಿಂದ, ಆ ಜಾಗವನ್ನು ಗಟ್ಟಿ ಬೇಳೆ, ಮೊಳಕೆ ಕಾಳಿನ ಹುಳಿ, ಮೊಸರು ತುಂಬಬೇಕು. ಮೂತ್ರಪಿಂಡದ ಕಾಯಿಲೆಯುಳ್ಳವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಹಲ್ಲಿಲ್ಲದವರಿಗೆ ರಾಗಿಯಂಥ ಆಹಾರ ವಿರಳ. ಮುದ್ದೆಯನ್ನು ಅಗಿಯಬೇಕಿಲ್ಲ, ಗಂಜಿಯನ್ನಂತೂ ಕುಡಿದರಾಯಿತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದ್ದರೆ, ಅಷ್ಟೇ ಅಕ್ಕಿಯಲ್ಲಿ ಸುಮಾರು 10 ಮಿ.ಗ್ರಾಂ ಮಾತ್ರ.

ಹಿರಿಯರಿಗೆ ಸಿಗುವ ಸಲಹೆಗಳ ಕೊರತೆಯೂ ಇಲ್ಲೇ ಇದೆ. ಸಕ್ಕರೆ ಬೇಡ, ಉಪ್ಪು ಬೇಡ, ಎಣ್ಣೆ ಬೇಡ ಎಂಬ ಪಟ್ಟಿ ಹಿಡಿದು ಅವರು ಮನೆಗೆ ಮರಳುತ್ತಾರೆ. ಏನು ತಿನ್ನಬೇಕೆಂಬುದನ್ನು ವಿವರಿಸುವವರು ಕಡಿಮೆ. ಮಧುಮೇಹಿಯೊಬ್ಬರು ಅನ್ನ, ಹಣ್ಣು ಎರಡನ್ನೂ ಬಿಟ್ಟು ಸೊರಗಿದಾಗ, ತೂಕ ಇಳಿಯಿತೆಂದು ಮನೆಯವರು ಸಂತೋಷಪಡುವುದೂ ಉಂಟು. ಪ್ರಯತ್ನಿಸದೆ ತೂಕ ಇಳಿಯುವುದು ವೈದ್ಯರಿಗೆ ತಿಳಿಸಬೇಕಾದ ಸಂಗತಿ.

ಸಸ್ಯಾಹಾರಿಗಳಲ್ಲಿ ವಿಟಮಿನ್ ಬಿ12 ಕೊರತೆ ಸಾಮಾನ್ಯ. ಮಧುಮೇಹಕ್ಕೆ ಬಹುಕಾಲ ಮೆಟ್‌ಫಾರ್ಮಿನ್ ಸೇವಿಸಿದವರಲ್ಲಿ ಅದು ಇನ್ನಷ್ಟು ಹೆಚ್ಚಬಹುದು. ಪಾದ ಜೋಮು ಹಿಡಿಯುವುದು, ಮರೆವು ಇವನ್ನು ವಯಸ್ಸಿನ ಲೆಕ್ಕಕ್ಕೆ ಸೇರಿಸುವ ಮುನ್ನ ರಕ್ತಪರೀಕ್ಷೆ ಮಾಡಿಸುವುದು ಲೇಸು.

ವಯಸ್ಸಾದಂತೆ ಬಾಯಾರಿಕೆಯ ಅರಿವೂ ಮಂದವಾಗುತ್ತದೆ. ರಾತ್ರಿ ಏಳಬೇಕಾದೀತೆಂದು ದಿನವಿಡೀ ನೀರು ಬಿಡುವ ಬದಲು, ಸಂಜೆಯೊಳಗೆ ನೀರು ಮಜ್ಜಿಗೆಗಳನ್ನು ಕುಡಿದು ಮುಗಿಸಿದರೆ ತೊಂದರೆ ತಪ್ಪುತ್ತದೆ.