‘ಕೋಟೆ’ ಎಂಬ ಶಬ್ದದ ಸಂಚಾರ

ಹೊಸಕೋಟೆಯ ಹೆಸರನ್ನು ನಿತ್ಯವೂ ನುಡಿಯುವ ನಾವು ಅದರೊಳಗಿನ ‘ಕೋಟೆ’ ಯಾವ ಭಾಷೆಯ ಸ್ವತ್ತೆಂದು ವಿಚಾರಿಸುವುದು ಅಪೂರ್ವ. ಸುಗಟೂರಿನ ತಮ್ಮೇಗೌಡನು ಸುಮಾರು 1595ರಲ್ಲಿ ಇಲ್ಲಿ ಕೋಟೆಯನ್ನು ಕಟ್ಟಿಸಿದನು. ಕೋಲಾರದಿಂದ ಬೇರ್ಪಡಿಸಿ ಹೇಳಲು ‘ಹೊಸ’ ಎಂಬ ವಿಶೇಷಣ ಸೇರಿತೆಂದು ರೈಸ್ ಸಾಹೇಬರ ಗೆಜೆಟಿಯರು ತಿಳಿಸುತ್ತದೆ. ನಾಲ್ಕು ಶತಮಾನಗಳು ಸಂದರೂ ಊರು ಹೊಸದಾಗಿಯೇ ಉಳಿದಿದೆ!

ತಮಿಳುನಾಡಿನ ಪುದುಕ್ಕೋಟ್ಟೈ ಎಂಬುದೂ ಅರ್ಥದಲ್ಲಿ ಹೊಸಕೋಟೆಯೇ. ನಮ್ಮ ಹಳಗನ್ನಡದ ‘ಪೊಸ’ವು ಪಕಾರ ಹಕಾರವಾಗಿ ‘ಹೊಸ’ವಾಯಿತು, ತಮಿಳಿನ ‘ಪುದು’ ಅದರ ಸೋದರ ಶಬ್ದ. ತೆಲುಗರು ‘ಕೊತ್ತಕೋಟ’ ಎನ್ನುತ್ತಾರೆ. ಅಲ್ಲಿ ‘ಕೊತ್ತ’ವೆಂದರೆ ಹೊಸದು, ಉಚ್ಚಾರ ಸಮೀಪವೆಂದು ಅದನ್ನೂ ಕೋಟೆಯನ್ನೂ ಒಂದೇ ಎಂದು ಬಗೆಯಬಾರದು. ಮಲೆಯಾಳದಲ್ಲಿ ‘ಕೋಟ್ಟ’, ಕೋಟ್ಟಯಂ ಎಂದರೆ ಕೋಟೆಯ ಒಳಭಾಗ. ಕೊಡವರಲ್ಲಿ ಇದೇ ಶಬ್ದಕ್ಕೆ ಅರಮನೆಯೆಂಬ ಅರ್ಥವುಂಟು. ನೀಲಗಿರಿಯ ತೋಡರ ನುಡಿಯಲ್ಲಂತೂ ಅದು ಬಂಗಲೆ! ಕೋಟೆಯಿಲ್ಲದ ಬೆಟ್ಟದಲ್ಲಿ ದೊಡ್ಡ ಮನೆಯೇ ಕೋಟೆಯಾಯಿತು.

ಇದು ಸಂಸ್ಕೃತದ ‘ಕೋಟ್ಟ’ದ ತದ್ಭವವೆಂದು ಹೇಳುವ ರೂಢಿ ನಮ್ಮ ಪಂಡಿತರಲ್ಲಿದೆ. ಸಂಸ್ಕೃತಾಭಿಮಾನ ನಮಗೂ ಕಡಿಮೆಯಿಲ್ಲ. ಆದರೆ ಅಭಿಮಾನವೇ ಪ್ರಮಾಣವಾಗದು. ಸಂಸ್ಕೃತದ ‘ಪುರ್’ ಶಬ್ದಕ್ಕೆ ಗ್ರೀಕಿನ ‘ಪೋಲಿಸ್’ ಬಂಧುವಾಗಿದೆ. ‘ಕೋಟ್ಟ’ಕ್ಕೆ ಆ ಕುಲದಲ್ಲಿ ಅಂತಹ ಬಂಧುಗಳು ತೋರುವುದಿಲ್ಲ, ಕನ್ನಡದಿಂದ ಕುವಿಯವರೆಗೆ ದ್ರಾವಿಡ ಕುಲದಲ್ಲಾದರೋ ಹೇರಳವಾಗಿದ್ದಾರೆ. ಬರೋ ಮತ್ತು ಎಮೆನೋ ಅವರು 1961ರಲ್ಲಿ ಪ್ರಕಟಿಸಿ 1984ರಲ್ಲಿ ಪರಿಷ್ಕರಿಸಿದ ದ್ರಾವಿಡ ನಿಷ್ಪತ್ತಿಕೋಶದಲ್ಲಿ ಈ ರೂಪಗಳೆಲ್ಲ ಒಂದೆಡೆ ಸೇರಿವೆ. ಆದುದರಿಂದ ಇಲ್ಲಿ ಸಾಲ ಕೊಟ್ಟವರು ದಕ್ಷಿಣದವರು, ಪಡೆದುದು ಸಂಸ್ಕೃತವೆಂಬ ಪಕ್ಷವೇ ಬಲವಾದುದು. ರಾಜಕೋಟ, ಪಠಾಣಕೋಟ, ಸಿಯಾಲಕೋಟಗಳವರೆಗೂ ಈ ಶಬ್ದ ವ್ಯಾಪಿಸಿದೆ.

ಇನ್ನೂ ಸ್ವಾರಸ್ಯದ ಸಂಗತಿಯೊಂದಿದೆ. ಕೋಟೆಯನ್ನು ಕಾಯುವವನು ಸಂಸ್ಕೃತದಲ್ಲಿ ‘ಕೋಟ್ಟಪಾಲ’. ಅವನೇ ಹಿಂದಿಯಲ್ಲಿ ‘ಕೋತವಾಲ’ನಾಗಿ, ಪಾರಸಿಯನ್ನೂ ಹೊಕ್ಕು, ಮುಸಲ್ಮಾನ ದೊರೆಗಳ ಆಡಳಿತದೊಡನೆ ದಕ್ಷಿಣಕ್ಕೆ ‘ಕೊತ್ವಾಲ’ನೆಂಬ ಅಧಿಕಾರಿಯಾಗಿ ಮರಳಿದನು. ತವರಿನಿಂದ ಹೊರಟ ಶಬ್ದವು ವೇಷ ಬದಲಿಸಿ ಬಂದಾಗ ನಾವು ಗುರುತಿಸಲಿಲ್ಲ.

ನಮ್ಮ ಊರಿನ ಹೆಸರಿಗೂ ಇಂತಹ ವೇಷವೊಂದು ಪ್ರಾಪ್ತವಾಯಿತು. 1768ರ ಆಗಸ್ಟಿನಲ್ಲಿ ಹೈದರಾಲಿಯು ಆಂಗ್ಲರ ಮಿತ್ರನಾದ ಮುರಾರಿರಾಯನ ಪಾಳೆಯದ ಮೇಲೆ ಇಲ್ಲಿ ರಾತ್ರಿ ದಾಳಿಯಿಟ್ಟನು. ಆ ಕಾಳಗವನ್ನು ಆಂಗ್ಲ ಚರಿತ್ರಕಾರರು ‘ಊಸ್ಕೋಟ’ ಯುದ್ಧವೆಂದು ಬರೆದರು. ಪಕಾರದಿಂದ ನಾವು ಪಡೆದ ಹಕಾರವನ್ನು ಅವರು ಬಿಟ್ಟೇಬಿಟ್ಟರು. ಕೋಟೆ ಮಾತ್ರ ಅಲ್ಲಿಯೂ ಅಳಿಯಲಿಲ್ಲ.