ಬಿಸಿಲಿನ ಶಾವಿಗೆ, ಎಣ್ಣೆಯ ನೂಡಲ್ಸ್

ಸಿರವಾರ, ಮಾನ್ವಿ, ದೇವದುರ್ಗದ ಸೀಮೆಯಲ್ಲಿ ಬೇಸಿಗೆ ಎಂದರೆ ಶಾವಿಗೆಯ ಕಾಲ. ನೆರೆಹೊರೆಯ ಹೆಂಗಸರು ಕೂಡಿ ಗೋಧಿ ಹಿಟ್ಟು ನಾದಿ, ಎಳೆ ತೆಗೆದು, ಬಿಸಿಲಿಗೆ ಒಣಗಿಸಿ ಡಬ್ಬಿ ತುಂಬುವುದು ಹಳೆಯ ರೂಢಿ. ನೀರಿನಂಶ ಹೋದರೆ ಎಳೆ ಕೆಡದು ಎಂಬುದು ಅವರ ಅನುಭವ.

ಜಪಾನಿನ ಮೊಮೊಫುಕು ಆಂಡೊ 1958ರಲ್ಲಿ ಹಿಡಿದದ್ದೂ ಇದೇ ದಾರಿ. ಬಿಸಿಲಿನ ಬದಲು ಎಣ್ಣೆ. ಹಬೆಯಲ್ಲಿ ಬೆಂದ ಎಳೆಯನ್ನು ಕರಿದಾಗ ನೀರು ಆವಿಯಾಗಿ ಸಣ್ಣ ರಂಧ್ರಗಳು ಉಳಿಯುತ್ತವೆ. ಬಿಸಿನೀರು ಅವುಗಳಲ್ಲಿ ಇಳಿದು ಎಳೆ ಬೇಗನೆ ಮೆತ್ತಗಾಗುತ್ತದೆ. 1980ರ ದಶಕದಲ್ಲಿ ಮ್ಯಾಗಿಯ ರೂಪದಲ್ಲಿ ಇದು ಭಾರತದ ಅಡುಗೆಮನೆಗೆ ಬಂದಿತು.

ನೂಡಲ್ಸಿನಿಂದಲೂ ಶಾವಿಗೆ ಉಪ್ಪಿಟ್ಟಿನ ರುಚಿ ತೆಗೆಯಬಹುದು. ಭೇದವೊಂದೇ: ಶಾವಿಗೆಯನ್ನು ಮೊದಲು ಹುರಿಯಬೇಕು, ನೂಡಲ್ಸ್ ಆಗಲೇ ಬೆಂದಿರುತ್ತದೆ. ಸಾಸಿವೆ, ಶೇಂಗಾ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿಯ ಒಗ್ಗರಣೆಗೆ ನೀರು ಹಾಕಿ, ಕುದಿ ಬಂದ ಮೇಲೆ ನೂಡಲ್ಸ್ ಬಿಟ್ಟರೆ ಎರಡು ಮೂರು ನಿಮಿಷ ಸಾಕು. ಪೊಟ್ಟಣದ ಮಸಾಲೆಯಲ್ಲಿ ಉಪ್ಪು ಹೆಚ್ಚು. ಅರ್ಧ ಹಾಕಿ, ಕೊನೆಗೆ ಲಿಂಬೆ ಹಿಂಡಿದರೆ ಆಯಿತು.

ಪೊಟ್ಟಣ ಹೆಂಗಸರ ದುಡಿಮೆಯನ್ನು ಹಗುರ ಮಾಡಿತು, ನಿಜ. ಒಗ್ಗರಣೆಯಿಂದ ನಾಲಗೆಯ ರುಚಿಯನ್ನೂ ಉಳಿಸಿಕೊಳ್ಳಬಹುದು. ಶಾವಿಗೆ ಮಣೆಯ ಸುತ್ತ ನೆರೆಹೊರೆ ಕೂಡುತ್ತಿದ್ದ ಆ ಬೇಸಿಗೆಯ ಮಧ್ಯಾಹ್ನ ಮಾತ್ರ ಯಾವ ಅಂಗಡಿಯಲ್ಲೂ ಸಿಗದು.